ಹುಳ ಇಲ್ಲದ ರೇಷ್ಮೆ: ಮುನ್ನೂರೈವತ್ತು ವರ್ಷದ ಕಥೆ

ಸೋಯಾ ರಾಶಿ ಮುಗದದ, ತೊಗರಿ ಹೂವಿಗೆ ಬಂದದ, ನಡುವೆ ಒಂದೀಟು ಬಿಡುವು ಸಿಕ್ಕದ. ಅದಕ್ಕೇ ಈ ಸಲ ಉದ್ದ ಬರೀಲಾಕತ್ತೀನಿ. ಚಹಾ ಇಟ್ಕೊಂಡು ಕೂಡ್ರಿ.

ಭಾಲ್ಕಿ, ಔರಾದ ಕಡೆ ಹಿಪ್ಪುನೇರಳೆ ಹಚ್ಚುವ ಮಾತು ಮತ್ತೆ ಶುರುವಾಗಿದೆ. ಗಡಿ ಆಚೆ ಮರಾಠವಾಡದಲ್ಲಿ, ಬೀಡ್, ಜಾಲನಾ ಕಡೆ ರೇಶೀಮ್ ಶೇತಿ ಹಬ್ಬಿದ್ದು ನೋಡಿ ನಮ್ಮ ಹುಡುಗರಿಗೂ ಆಸೆ ಬಂದಿದೆ. ಅದರ ಜೊತೆಗೇ ಒಂದು ವಿಡಿಯೋನೂ ಫೋನಿನಿಂದ ಫೋನಿಗೆ ಹಾರಾಡ್ತಾ ಇದೆ. ಕಾಜಿನ ಬಾಟಲಿಯೊಳಗಿನ ನೀರಿನಂಥದ್ದು ಸೂಜಿಯ ತುದಿಯಿಂದ ಎಳೆಯಾಗಿ ಹೊರಬರ್ತದೆ, ಕೆಳಗೆ ಬರಹ: "ಲ್ಯಾಬ್‌ನಾಗ ರೇಷ್ಮೆ ತಯಾರಾಗ್ಯಾದ, ಇನ್ನ ಹುಳ ಸಾಕೋರ ಕಥಿ ಮುಗೀತು." ಇದನ್ನು ನೋಡಿ ಮೂರು ನಾಲ್ಕು ಮಂದಿ ನನ್ನನ್ನು ಕೇಳಿದರು, ಹಚ್ಚಬೇಕೋ ಬಿಡಬೇಕೋ ಅಂತ. ಎರಡು ಎಕರೆ ಹಿಪ್ಪುನೇರಳೆ, ಹನಿ ನೀರಾವರಿ, ಹುಳದ ಮನೆ ಅಂದರೆ ಸಣ್ಣ ಖರ್ಚಲ್ಲ. ಒಮ್ಮೆ ಹಚ್ಚಿದರೆ ಹತ್ತು ಹದಿನೈದು ವರ್ಷ ಆ ಹೊಲ ಅದಕ್ಕೇ. ಹಂಗಾಗಿ ಪ್ರಶ್ನೆ ಖರೇನೇ ದೊಡ್ಡದು. ಆದರೆ ಆ ವಿಡಿಯೋ ಹೇಳುವ ಮಾತು ಹೊಸದಲ್ಲ. ಕೃತಕ ರೇಷ್ಮೆ ಬಂತು, ಹುಳದ ಕಾಲ ಮುಗೀತು ಅಂತ ಜಗತ್ತು ಇದಕ್ಕೂ ಮೊದಲು ಎರಡು ಮೂರು ಸಲ ಹೇಳಿ ಆಗಿದೆ. ಆ ಪ್ರತಿ ಸಲ ಏನಾಯ್ತು, ಯಾರ ಹೊಲದಲ್ಲಿ ಏನು ಬಿತ್ತು ಅನ್ನೋದೇ ಇವತ್ತಿನ ಬರಹ.

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಅನ್ನುವ ವಿಜ್ಞಾನಿ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನೆಲ್ಲ ಒಂದು ದೊಡ್ಡ ಪುಸ್ತಕ ಮಾಡಿದ. ಗಿಡದ ಸಣ್ಣ ಕೋಣೆಗಳಿಗೆ ‘ಸೆಲ್’ ಅಂತ ಹೆಸರಿಟ್ಟವನು ಇವನೇ. ಅದೇ ಪುಸ್ತಕದಲ್ಲಿ ರೇಷ್ಮೆ ಎಳೆ ನೋಡಿ ಬರೆದ: ಹುಳ ಬಿಡುವ ಅಂಟಿನಂಥದ್ದನ್ನೇ ನಾವೂ ಕಲಸಿ ಸಣ್ಣ ತೂತಿನಿಂದ ಎಳೆದರೆ ರೇಷ್ಮೆ ಯಾಕಾಗಬಾರದು? ಮಾಡಿ ನೋಡಲಿಲ್ಲ, ಹೇಳಿ ಬಿಟ್ಟ.

ಮಾಡಲು ಹೋದವರು ಮೊದಲು ಹಿಡಿದದ್ದು ಜೇಡನ್ನು. 1709ರಲ್ಲಿ ಫ್ರಾನ್ಸಿನ ಮಾಂಪೆಲಿಯೆ ಊರಿನ ಬಾನ್ ಅನ್ನುವ ಸಾಹುಕಾರ ಜೇಡನ ನೂಲಿನಿಂದ ಕೈಚೀಲ, ಕಾಲುಚೀಲ ನೇಯಿಸಿ ತೋರಿಸಿದ. ಅಲ್ಲಿಯ ವಿಜ್ಞಾನ ಅಕಾಡೆಮಿ ಇದನ್ನು ಪರೀಕ್ಷೆ ಮಾಡಲು ರಿಯೋಮ್ಯೂರ್ ಅನ್ನುವವನಿಗೆ ಒಪ್ಪಿಸಿತು. ಅವನು ಸಾಕಿ ನೋಡಿ ಕೈ ಚೆಲ್ಲಿದ. ರೇಷ್ಮೆ ಹುಳ ಬಡಪಾಯಿ, ಒಂದೇ ತಟ್ಟೆಯಲ್ಲಿ ಸಾವಿರ ಇಟ್ಟರೂ ಸೊಪ್ಪು ತಿಂದು ಸುಮ್ಮನಿರ್ತದೆ. ಜೇಡ ಹಂಗಲ್ಲ, ಒಂದಕ್ಕೊಂದು ತಿಂದು ಹಾಕ್ತವೆ. ನಮ್ಮ ಕಾಲದಲ್ಲೂ ಮಡಗಾಸ್ಕರ್‌ನಲ್ಲಿ ಇಬ್ಬರು ಹಟ ಹಿಡಿದು ಹತ್ತು ಲಕ್ಷಕ್ಕೂ ಹೆಚ್ಚು ಕಾಡು ಜೇಡಗಳ ನೂಲು ತೆಗೆಸಿ 2009ರಲ್ಲಿ ಒಂದು ಬಂಗಾರದ ಬಣ್ಣದ ಬಟ್ಟೆ ಮಾಡಿಸಿದರು. ವರ್ಷಗಟ್ಟಲೆ ಕೆಲಸ, ಒಂದು ಬಟ್ಟೆ. ಮ್ಯೂಸಿಯಂಗೆ ಆಯ್ತು, ಬಾಜಾರಕ್ಕೆ ಅಲ್ಲ.

ಈಗ ಹುಳದ ಹೊಟ್ಟೆಯೊಳಗೆ ಒಂದು ಸಲ ಇಣುಕಬೇಕು. ಇಲ್ಲಂದರೆ ಮುಂದಿನ ಕಥೆ ತಿಳಿಯೋದಿಲ್ಲ.

ನಾಲ್ಕು ಜ್ವರ ಮುಗಿಸಿ, ಐದನೇ ಹಂತದಲ್ಲಿ ಗಬಗಬ ಸೊಪ್ಪು ತಿಂದು ಹುಳ ಹಣ್ಣಾದಾಗ ಅದರ ಮೈಯ ಎರಡೂ ಬದಿಗೆ ಒಂದೊಂದು ಉದ್ದನೆಯ ಗ್ರಂಥಿ ತುಂಬಿರ್ತದೆ. ಒಳಗಿರುವುದು ಫೈಬ್ರೋಯಿನ್ ಅನ್ನುವ ಪ್ರೋಟೀನು, ನೀರಿನಲ್ಲಿ ಕರಗಿದ್ದು, ಜೋನಿಬೆಲ್ಲದಂಗ ಗಟ್ಟಿ. ಸುಮಾರು ಕಾಲು ಭಾಗ ಪ್ರೋಟೀನು, ಉಳಿದದ್ದು ನೀರು. ಈ ಪ್ರೋಟೀನಿನ ದೊಡ್ಡ ಸರವೊಂದರಲ್ಲಿ 5,263 ಮಣಿಗಳು, ಅಂದರೆ ಅಮೈನೋ ಆಮ್ಲಗಳು. ಇಷ್ಟು ಉದ್ದನೆಯ ಸರ ಒಂದಕ್ಕೊಂದು ಸಿಕ್ಕು ಬೀಳದೆ, ಗಟ್ಟಿಯಾಗಿ ಕೂಡದೆ, ಹೊಟ್ಟೆಯೊಳಗೆ ದಿನಗಟ್ಟಲೆ ನೀರಾಗಿಯೇ ಇರ್ತದೆ. ಬಾಯಿ ಕಡೆ ಬರುತ್ತ ನಾಳ ಸಣ್ಣದಾಗ್ತದೆ, ಹುಳಿ ಅಂಶ ಸ್ವಲ್ಪ ಏರ್ತದೆ, ಉಪ್ಪಿನಂಶ ಬದಲಾಗ್ತದೆ. ಹುಳ ತಲೆಯನ್ನು ಇಂಗ್ಲಿಷ್ ಎಂಟರ ಆಕಾರದಲ್ಲಿ ಆಡಿಸ್ತಾ ಎಳೀತದೆ. ಎಳೆದ ಕೂಡಲೇ ಸರಗಳು ಸಾಲಾಗಿ ನಿಂತು, ಒಂದರ ಮೇಲೊಂದು ಮಡಿಚಿ, ನೀರನ್ನು ಹೊರಗೆ ತಳ್ಳಿ ಗಟ್ಟಿಯಾಗ್ತವೆ. ಒಮ್ಮೆ ಗಟ್ಟಿಯಾಯಿತೋ ಕುದಿಯುವ ನೀರಿಗೂ ಕರಗೋದಿಲ್ಲ. ನೂಲು ಬಿಚ್ಚುವಾಗ ಬಿಸಿನೀರಿನಲ್ಲಿ ಬಿಡೋದು ಮೇಲಿನ ಗೋಂದು ಮಾತ್ರ, ಅದು ಸೆರಿಸಿನ್. ಒಳಗಿನ ಎಳೆ ಹಂಗೇ ಇರ್ತದೆ, ಚಲೋ ದ್ವಿತಳಿ ಗೂಡಾದರೆ ಒಂದು ಸಾವಿರ ಮೀಟರ್ ಮೇಲೆ, ಒಂದೇ ಎಳೆ.

ಇಲ್ಲಿ ಗುರುತು ಇಟ್ಟುಕೊಳ್ಳಬೇಕಾದ ಮಾತು ಒಂದದ. ಹುಳ ನೂಲನ್ನು ಒತ್ತಿ ಹೊರಗೆ ಹಾಕೋದಿಲ್ಲ, ಹಚ್ಚಿ ಎಳೀತದೆ. ಶಾವಿಗೆ ಮಷೀನ್ ಬೇರೆ, ಬೆಲ್ಲದ ಪಾಕದ ಎಳೆ ಬೇರೆ. ಶಾವಿಗೆ ಹಿಟ್ಟು ತೂತಿನಿಂದ ಒತ್ತಿದರೆ ಬರ್ತದೆ, ಆದರೆ ಒಣಗಿದ ಮೇಲೆ ಮುಟ್ಟಿದರೆ ಮುರೀತದೆ. ಪಾಕ ಎರಡು ಬೆರಳಿನ ನಡುವೆ ಎಳೆದಾಗ ಎಳೆ ಹುಟ್ಟೋದು ಎಳೆತದಿಂದ. ಮನುಷ್ಯ ಮಾಡಿದ್ದೆಲ್ಲ ಬಹುತೇಕ ಶಾವಿಗೆ ದಾರಿ, ಹುಳದ್ದು ಪಾಕದ ದಾರಿ. ಮುನ್ನೂರೈವತ್ತು ವರ್ಷದ ಗುದ್ದಾಟ ಇರೋದು ಇವೆರಡರ ನಡುವೆ.

ನಮ್ಮ ಬೀದರ್‌ನವರಿಗೆ ಇದು ಬೇಗ ತಿಳೀಬೇಕು. ಬಿದ್ರಿ ಪಾತ್ರೆಯಲ್ಲಿ ಸತು ಎಷ್ಟು, ತಾಮ್ರ ಎಷ್ಟು ಎಲ್ಲರಿಗೂ ಗೊತ್ತು. ಆದರೂ ಕೊನೆಗೆ ಕೋಟೆಯ ಹಳೇ ಮಣ್ಣು ನವಸಾಗರದ ಜೊತೆ ಕುದಿಸಿ ಉಜ್ಜಿದಾಗಲೇ ಆ ಕರಿ ಬಣ್ಣ ಏರೋದು. ಸಾಮಾನು ಗೊತ್ತಿದ್ದರೆ ಸಾಲದು, ಕೆಲಸದ ಕ್ರಮವೇ ಅರ್ಧ ಸಾಮಾನು.

ಕೃತಕ ರೇಷ್ಮೆ ಆಟ ಬಿಟ್ಟು ಧಂದೆಯಾಗಿದ್ದು ಒಂದು ರೋಗದಿಂದ. ನಾವು ಗಂಟುರೋಗ ಅನ್ನೋದು, ಫ್ರೆಂಚರು ಪೆಬ್ರಿನ್ ಅನ್ನೋದು. 1853ರಲ್ಲಿ ಫ್ರಾನ್ಸ್ ಸುಮಾರು 26 ಸಾವಿರ ಟನ್ ಗೂಡು ಬೆಳೀತಿತ್ತು. ರೋಗ ಬಿದ್ದು 1865ರ ಹೊತ್ತಿಗೆ ಅದು 4 ಸಾವಿರ ಟನ್ನಿಗೆ ಇಳಿಯಿತು. ಊರಿಗೆ ಊರೇ ಹಿಪ್ಪುನೇರಳೆ ಮರ ಕಡಿದು ಹಾಕಿದವು. ಆಗ ಸರಕಾರ ಲೂಯಿ ಪಾಸ್ಚರ್‌ನನ್ನು ಕಳಿಸಿತು. ಹುಳ ಅಂದರೇನು ಅಂತಲೂ ಗೊತ್ತಿಲ್ಲದ ಮನುಷ್ಯ 1865ರಲ್ಲಿ ಆಲೆಸ್ ಅನ್ನುವ ಊರಿಗೆ ಬಂದು ಐದು ವರ್ಷ ಕೂತ. ಕಂಡುಹಿಡಿದ ಉಪಾಯ ಸರಳ. ತಾಯಿ ಚಿಟ್ಟೆ ಮೊಟ್ಟೆ ಇಟ್ಟ ಮೇಲೆ ಅದನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು, ರೋಗದ ಕಣ ಕಂಡರೆ ಆ ಮೊಟ್ಟೆ ಸುಡು. ಇವತ್ತು ನಿಮಗೆ ‘ರೋಗರಹಿತ ಮೊಟ್ಟೆ’ ಅಂತ ಕೊಡ್ತಾರಲ್ಲ, ಅದು ಇದೇ ಪರೀಕ್ಷೆ ಪಾಸಾಗಿ ಬಂದದ್ದು. ನೂರೈವತ್ತು ವರ್ಷವಾಯ್ತು, ಬಿತ್ತನೆ ಕೋಠಿಯಲ್ಲಿ ಇನ್ನೂ ಅದೇ ನಡೀತದೆ.

ಈ ರೋಗ ಕಣ್ಣಾರೆ ಕಂಡವರಲ್ಲಿ ಒಬ್ಬ ಶಾರ್ಡೊನೆ, ಬೆಸಾನ್ಸಾನ್ ಊರಿನ ಇಂಜಿನಿಯರ್. ಅವನ ತಲೆ ಬೇರೆ ದಾರಿ ಹಿಡಿಯಿತು: ಹುಳವನ್ನು ಉಳಿಸುವ ಬದಲು ಹುಳವನ್ನೇ ಬಿಟ್ಟರೆ? ಇದಕ್ಕೂ ಮೊದಲು 1855ರಲ್ಲಿ ಸ್ವಿಟ್ಜರ್ಲೆಂಡಿನ ಆಡೆಮಾರ್ಸ್ ಹಿಪ್ಪುನೇರಳೆಯ ಒಳತೊಗಟೆಯ ನಾರು ಕರಗಿಸಿ ಸೂಜಿ ಅದ್ದಿ ಎಳೆ ತೆಗೆದಿದ್ದ. ಹುಳ ಸೊಪ್ಪು ತಿಂದು ರೇಷ್ಮೆ ಮಾಡ್ತದೆ ಅಂದಮೇಲೆ ರೇಷ್ಮೆ ಗಿಡದಲ್ಲೇ ಇರಬೇಕು ಅನ್ನೋದು ಆಗಿನ ಲೆಕ್ಕ. ಎಮ್ಮೆ ಮೇವು ತಿಂದು ಹಾಲು ಕೊಡ್ತದಂತ ಮೇವನ್ನೇ ಹಿಂಡಿದಂಗ. ಶಾರ್ಡೊನೆ ಸೆಲ್ಯುಲೋಸನ್ನು ನೈಟ್ರಿಕ್ ಆಸಿಡ್‌ನಿಂದ ಬದಲಾಯಿಸಿ, ಕರಗಿಸಿ, ಸಣ್ಣ ತೂತುಗಳಿಂದ ಒತ್ತಿ ಎಳೆ ತೆಗೆದ. 1884ರಲ್ಲಿ ಪೇಟೆಂಟ್, 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಬಟ್ಟೆ, ಆಮೇಲೆ ಊರಲ್ಲೇ ಕಾರ್ಖಾನೆ. ಅದೇ ವರ್ಷಗಳಲ್ಲಿ ಇಂಗ್ಲೆಂಡಿನ ಜೋಸೆಫ್ ಸ್ವಾನ್ ವಿದ್ಯುತ್ ದೀಪದ ತಂತಿಗೆ ಅಂತ ಇಂಥದ್ದೇ ಎಳೆ ತೆಗೆದಿದ್ದ. ಅವನ ಹೆಂಡತಿ ಅದರಿಂದ ಹೆಣೆದದ್ದನ್ನು 1885ರಲ್ಲಿ ಲಂಡನ್ನಿನಲ್ಲಿ ತೋರಿಸಿ ‘ಆರ್ಟಿಫಿಷಿಯಲ್ ಸಿಲ್ಕ್’ ಅಂದರು.

ಶಾರ್ಡೊನೆಯ ರೇಷ್ಮೆಗೆ ಒಂದು ದೋಷ. ನೈಟ್ರಿಕ್ ಆಸಿಡ್‌ನಲ್ಲಿ ಅದ್ದಿದ ಸೆಲ್ಯುಲೋಸ್ ಅಂದರೆ ಬಂದೂಕಿನ ಮದ್ದಿನ ಜಾತಿ, ಕಿಡಿ ಬಿದ್ದರೆ ಭಗ್ ಅಂತಿತ್ತು. ಆಮೇಲೆ ರಾಸಾಯನಿಕದಿಂದ ಆ ಗುಣ ತೆಗೆದರೂ ಖರ್ಚು ಹೆಚ್ಚು. 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್, ಬೀಡಲ್ ಅನ್ನುವ ಮೂವರು ಅಗ್ಗದ ದಾರಿ ಕಂಡರು. ಕಟ್ಟಿಗೆ ತಿರುಳಿಗೆ ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್ ಹಾಕಿದರೆ ಜೇನಿನಂಥ ಅಂಟು ದ್ರವ ಆಗ್ತದೆ, ಅದನ್ನು ಆಸಿಡ್ ತೊಟ್ಟಿಯೊಳಗೆ ಒತ್ತಿದರೆ ಎಳೆ. ಹೆಸರು ವಿಸ್ಕೋಸ್. 1924ರಿಂದ ಬಾಜಾರದಲ್ಲಿ ರೇಯಾನ್. ಕಾರ್ಬನ್ ಡೈಸಲ್ಫೈಡ್ ಗಾಳಿ ಕುಡಿದ ಕೂಲಿಕಾರರ ನರ ಹೋದವು, ಕೆಲವರಿಗೆ ತಲೆಯೇ ಕೆಟ್ಟಿತು. ಆ ಭಾಗ ಜಾಹೀರಾತಿನಲ್ಲಿ ಇರಲಿಲ್ಲ.

ಮುಖ್ಯವಾದದ್ದು ಬೇರೆ. ಇದು ಹೆಸರಿಗೆ ರೇಷ್ಮೆ, ಒಳಗೆ ಹತ್ತಿ-ಕಟ್ಟಿಗೆ. ಪ್ರೋಟೀನಿನ ಒಂದು ಕಣವೂ ಇಲ್ಲ. ಮನೆಯಲ್ಲೇ ನೋಡಬಹುದು: ಸೀರೆಯ ಅಂಚಿನಿಂದ ಒಂದು ಎಳೆ ಕಿತ್ತು ಸುಡ್ರಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಹುಳದ್ದು. ಕಾಗದ ಸುಟ್ಟಂಗ ಆದರೆ ರೇಯಾನ್. ಕರಗಿ ಗುಂಡಗೆ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. (ಮನೆಯವರನ್ನು ಕೇಳಿ ಸುಡ್ರಿ, ಆಮೇಲೆ ನನ್ನ ಹೆಸರು ಹೇಳಬ್ಯಾಡ್ರಿ.)

ಒಳಗೆ ಏನೇ ಇರಲಿ, ಹೊಳಪು ಇತ್ತು, ಬೆಲೆ ಕಡಿಮೆ ಇತ್ತು. 1930ರ ದಶಕದ ಆರಂಭದಲ್ಲಿ ಜಗತ್ತೇ ಮಂದಿಯಲ್ಲಿದ್ದಾಗ ಜಪಾನಿನ ಕೃತಕ ರೇಷ್ಮೆ ಬಟ್ಟೆ, ಚೀನಾ ಮತ್ತು ಜಪಾನಿನ ಕಚ್ಚಾ ರೇಷ್ಮೆ ಭಾರತದ ಬಂದರುಗಳಿಗೆ ಸುರಿಯಿತು. ಮೈಸೂರು ಸಂಸ್ಥಾನದ ರೈತನ ಗೂಡಿನ ಬೆಲೆ ಕುಸಿಯಿತು, ಹಿಪ್ಪುನೇರಳೆ ಕಿತ್ತು ಬೇರೆ ಬೆಳೆಗೆ ಹೋದರು. 1933ರಲ್ಲಿ ಟ್ಯಾರಿಫ್ ಬೋರ್ಡ್ ವಿಚಾರಣೆ ನಡೆಸಿತು, ಮರುವರ್ಷ ಆಮದಿನ ಮೇಲೆ ಸುಂಕ ಏರಿತು. ಆಮೇಲೆ ಎರಡನೇ ಮಹಾಯುದ್ಧ ಬಂದು ಪ್ಯಾರಾಚೂಟ್‌ಗೆ ರೇಷ್ಮೆ ಬೇಕಾಯ್ತು, ಮೈಸೂರು ರೇಷ್ಮೆ ಎದ್ದು ನಿಂತಿತು. ಹುಳದ ಗುಣ ಎರಡೂ ಹೊತ್ತಿನಲ್ಲಿ ಒಂದೇ ಇತ್ತು. ಬದಲಾದದ್ದು ಬಂದರಿನ ಸುಂಕ ಮತ್ತು ಯುದ್ಧ. ಸೋಯಾ, ತೊಗರಿ ಬೆಳೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿಂದ ಎಣ್ಣೆ, ಬ್ಯಾಳಿ ಬಂದ ವರ್ಷ ಅಡತಿಯಲ್ಲಿ ನಿಂತು ನೋಡಿದವರು ನಾವು.

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ಬೀದರ್ 1948ರ ತನಕ ಹೈದರಾಬಾದ್ ಸಂಸ್ಥಾನ, ಆಮೇಲೆ 1956ರ ತನಕ ಹೈದರಾಬಾದ್ ರಾಜ್ಯ. ಉದಗೀರ್, ನಿಲಂಗಾ, ಜಹೀರಾಬಾದ್ ಎಲ್ಲ ಆಗ ಬೀದರ್ ಜಿಲ್ಲೆಯೊಳಗೇ. ಆ ಸಂಸ್ಥಾನಕ್ಕೂ ಒಂದು ಕೃತಕ ರೇಷ್ಮೆ ಕಾರ್ಖಾನೆ ಇತ್ತು ಅನ್ನೋದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಆದಿಲಾಬಾದ್ ಕಡೆ, ಬಲ್ಲಾರಷಾಕ್ಕೆ ಹೋಗುವ ರೈಲು ದಾರಿಯಲ್ಲಿ, ಸಿರ್‌ಪುರ್ ಕಾಗಜ್‌ನಗರ. ಬಿದಿರಿನಿಂದ ಕಾಗದ ಮಾಡಲು ನಿಜಾಮರ ಕಾಲದಲ್ಲಿ ಹುಟ್ಟಿದ ಊರು, ಹೆಸರೇ ಕಾಗಜ್‌ನಗರ. ಅದರ ಪಕ್ಕದಲ್ಲೇ 1946ರಲ್ಲಿ ಸಿರ್‌ಸಿಲ್ಕ್ ಕಂಪನಿ ಹುಟ್ಟಿತು. ಸಿರ್‌ಪುರದ ಸಿಲ್ಕ್, ಅದಕ್ಕೇ ಸಿರ್‌ಸಿಲ್ಕ್. ಆಮೇಲೆ ಬಿರ್ಲಾ ಮನೆತನದ ಕೈಗೆ ಹೋಯಿತು.

ಇಲ್ಲಿ ಮಾಡುತ್ತಿದ್ದದ್ದು ವಿಸ್ಕೋಸ್ ಅಲ್ಲ, ಅಸಿಟೇಟ್. ಈ ಜಾತಿಯ ನೂಲಿಗೆ ಶುದ್ಧ ಸೆಲ್ಯುಲೋಸ್ ಬೇಕು. ಅದು ಸಿಗೋದು ಹತ್ತಿಕಾಳಿನ ಮೇಲೆ. ಜಿನ್ನಿನಲ್ಲಿ ಅರಳೆ ಬಿಡಿಸಿದ ಮೇಲೂ ಸರಕಿಯ ಮೇಲೆ ಬೂದಿ ಬಣ್ಣದ ಸಣ್ಣ ಜುಂಗು ಉಳೀತದಲ್ಲ, ಎಮ್ಮೆಗೆ ಹಾಕುವಾಗ ಬೆರಳಿಗೆ ಹತ್ತುವಂಥದ್ದು, ಅದಕ್ಕೆ ಲಿಂಟರ್ ಅಂತಾರೆ. ಆ ಜುಂಗನ್ನು ಅಸಿಟಿಕ್ ಜಾತಿಯ ಆಸಿಡ್‌ಗಳಿಂದ ಬದಲಾಯಿಸಿ, ಅಸಿಟೋನಿನಲ್ಲಿ ಕರಗಿಸಿ, ಬಿಸಿಗಾಳಿಯೊಳಗೆ ಒತ್ತಿದರೆ ಅಸಿಟೋನ್ ಹಾರಿ ಎಳೆ ಉಳೀತದೆ. ನಮ್ಮ ದೇಶದಲ್ಲಿ ಅಸಿಟಿಕ್ ಆಸಿಡ್ ಮಾಡುವ ರೂಢಿಯ ದಾರಿ ಅಂದರೆ ಕಬ್ಬಿನ ಕಾಕಂಬಿಯಿಂದ ತೆಗೆದ ಆಲ್ಕೋಹಾಲ್. ಅಂದರೆ ಹತ್ತಿಯ ಕಸ, ಕಬ್ಬಿನ ಕಸ, ಎರಡೂ ಸೇರಿ ಷಹರದ ಹೆಣ್ಣುಮಕ್ಕಳ ಹೊಳೆಯುವ ಸೀರೆ. ಆದರೆ ಲಿಂಟರ್‌ಗೆ ಅಂತ ರೈತನಿಗೆ ಹತ್ತಿಯ ದರದಲ್ಲಿ ಬೇರೆ ಪೈಸೆ ಎಂದೂ ಸಿಕ್ಕಿಲ್ಲ. ನಾವು ಅರಳೆಯ ಲೆಕ್ಕದಲ್ಲಿ ಮಾರ್ತೀವಿ, ಕಾಳಿನ ಮೇಲಿನ ಜುಂಗು ಎಣ್ಣೆ ಗಿರಣಿಯವರ ಲೆಕ್ಕ.

ಸಿರ್‌ಸಿಲ್ಕ್ ಹೆಸರು ಈಗಲೂ ವಕೀಲರಿಗೆ ಗೊತ್ತು. ಕಾರ್ಮಿಕರ ಜಗಳದ ತೀರ್ಪು ಸರಕಾರ ಪ್ರಕಟಿಸುವ ಮೊದಲೇ ಎರಡೂ ಪಕ್ಷ ರಾಜಿ ಮಾಡಿಕೊಂಡರೆ ಏನು ಮಾಡಬೇಕು ಅನ್ನುವ ಪ್ರಶ್ನೆಗೆ ಸುಪ್ರೀಂ ಕೋರ್ಟು 1963ರಲ್ಲಿ ಕೊಟ್ಟ ಉತ್ತರ ಇದೇ ಕಂಪನಿಯ ಹೆಸರಲ್ಲಿದೆ. ಕಾರ್ಖಾನೆ ಮಾತ್ರ 1980ರ ದಶಕದಲ್ಲಿ ಮುಚ್ಚಿತು. ಆ ಹೊತ್ತಿಗೆ ಪಾಲಿಯೆಸ್ಟರ್ ಬಂದು ಅಸಿಟೇಟಿನ ಹೊಳಪು ಮಂಕಾಗಿತ್ತು. ಕೃತಕ ರೇಷ್ಮೆಯನ್ನು ಕೊಂದದ್ದು ಹುಳವಲ್ಲ, ಇನ್ನೊಂದು ಕೃತಕ.

ಅದನ್ನೂ ಎರಡು ಮಾತಲ್ಲಿ ಹೇಳಿ ಬಿಡ್ತೀನಿ. 1935ರಲ್ಲಿ ಅಮೆರಿಕದ ಡುಪಾಂಟ್ ಪ್ರಯೋಗಾಲಯದಲ್ಲಿ ಕ್ಯಾರೋದರ್ಸ್ ತಂಡ ನೈಲಾನ್ ಮಾಡಿತು. 1940ರ ಮೇ ತಿಂಗಳಲ್ಲಿ ಅದರ ಕಾಲುಚೀಲ ಅಮೆರಿಕದ ಅಂಗಡಿಗಳಿಗೆ ಬಂತು. ಅಲ್ಲಿಯ ತನಕ ಅಮೆರಿಕದ ಕಾಲುಚೀಲಕ್ಕೆ ಹೋಗುತ್ತಿದ್ದದ್ದು ಹೆಚ್ಚಾಗಿ ಜಪಾನಿನ ರೈತರ ರೇಷ್ಮೆ. ಆ ಬಾಜಾರ ಹೋದದ್ದು ಮತ್ತೆ ಬರಲಿಲ್ಲ. ‘ಲ್ಯಾಬ್ ಏನೂ ಮಾಡೋದಿಲ್ಲ’ ಅನ್ನೋರು ಇದನ್ನು ಮರೀಬಾರದು. ಒಂದೇ ದೇಶದ ಒಂದೇ ಸಾಮಾನನ್ನು ನಂಬಿ ಕೂತ ಬೆಳೆ ಅದು.

ವಿಸ್ಕೋಸ್ ಮಾತ್ರ ಸಾಯಲಿಲ್ಲ. ಅದು ನಮ್ಮ ರಾಜ್ಯಕ್ಕೇ ಬಂತು. 1972ರಲ್ಲಿ ತುಂಗಭದ್ರೆಯ ದಂಡೆಗೆ, ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯ್ತು. ಕಟ್ಟಿಗೆಯಿಂದ ರೇಯಾನಿನ ತಿರುಳು ಮಾಡೋದು. ಐದು ವರ್ಷದಲ್ಲಿ ಪಕ್ಕದಲ್ಲೇ ಆ ತಿರುಳಿನಿಂದ ನಾರು ತೆಗೆಯುವ ಘಟಕ. ಕಟ್ಟಿಗೆ ಅಂದರೆ ನೀಲಗಿರಿ. ಕೆಳಗಿನ ಊರುಗಳವರು ಹೊಳೆಯ ನೀರು ಕೆಟ್ಟಿತು, ಮೀನು ಸತ್ತವು ಅಂತ ಎದ್ದರು, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಬೆನ್ನಿಗೆ ನಿಂತಿತು. ಅಷ್ಟರಲ್ಲಿ 1984ರಲ್ಲಿ ಸರಕಾರ ಮತ್ತು ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿದರು. ಸರಕಾರಕ್ಕೆ 51 ಪಾಲು, ಕಂಪನಿಗೆ 49. ಸುಮಾರು 30 ಸಾವಿರ ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಭೂಮಿಯಲ್ಲಿ ನೀಲಗಿರಿ ಹಚ್ಚುವ ಯೋಜನೆ. ಕಾಗದದಲ್ಲಿ ಅದು ಪಡ ಬಿದ್ದ ಸರಕಾರಿ ಭೂಮಿ. ಊರಿನವರಿಗೆ ಅದು ದನ ಮೇಯುವ ಗೋಮಾಳ, ಉರುವಲು, ಹುಲ್ಲು.

ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಹಣ್ಣು-ಮೇವು ಕೊಡುವ ಗಿಡ ನೆಟ್ಟರು. ಆ ಸತ್ಯಾಗ್ರಹದ ಹೆಸರು ‘ಕಿತ್ತಿಕೋ ಹಚ್ಚಿಕೋ’. ಹಚ್ಚೋದು ಅಂದರೆ ನೆಡೋದು, ನಮ್ಮ ಕಡೆಯ ಮಾತೇ ಅದು. 1991ರಲ್ಲಿ ಆ ಜಂಟಿ ಕಂಪನಿ ಮುಚ್ಚಿತು. ನನಗೆ ಕೃತಕ ರೇಷ್ಮೆಯ ಇಡೀ ಇತಿಹಾಸದಲ್ಲಿ ದೊಡ್ಡ ಘಟನೆ ಅಂದರೆ ಇದು, ಪ್ಯಾರಿಸ್ ಪ್ರದರ್ಶನ ಅಲ್ಲ. ಯಾಕಂದರೆ ಅಲ್ಲಿಯ ತನಕ ಹುಳದ ರೇಷ್ಮೆ ರೈತನದು, ಕೃತಕ ರೇಷ್ಮೆ ಕಾರ್ಖಾನೆಯದು ಅಂತ ಎಲ್ಲರೂ ತಿಳಿದಿದ್ದರು. ಕೃತಕಕ್ಕೂ ಹೊಲ ಬೇಕು, ಅದೂ ಬಡವರ ಹೊಲ, ಅನ್ನೋದು ಅಲ್ಲಿ ಬಯಲಾಯ್ತು. ರೇಷ್ಮೆ ಹುಳ ಒಂದು ಎಕರೆ ಸೊಪ್ಪಿನಲ್ಲಿ ಒಂದು ಮನೆಗೆ ಕೆಲಸ ಕೊಡ್ತದೆ. ಆ ನೀಲಗಿರಿ ಮೂವತ್ತು ಸಾವಿರ ಹೆಕ್ಟೇರ್ ಕೇಳಿತ್ತು.

ಈಗ ವಿಡಿಯೋದ ವಿಷಯಕ್ಕೆ. ಆ ಬಾಟಲಿಯಲ್ಲಿರುವುದು ಕಟ್ಟಿಗೆ ಅಲ್ಲ, ಖರೇ ಪ್ರೋಟೀನು. ಇದು ಹೊಸ ದಾರಿ, ಹೂಂ ಅಂತ ಒಪ್ಪಬೇಕು. 1990ರಲ್ಲಿ ಅಮೆರಿಕದ ರ‍್ಯಾಂಡಿ ಲೂಯಿಸ್ ಅವರ ಪ್ರಯೋಗಾಲಯ ಜೇಡನ ನೂಲಿನ ಜೀನನ್ನು ಓದಿ ಪ್ರಕಟಿಸಿತು. ಆಮೇಲೆ ಆ ಜೀನನ್ನು ಯಾವುದರಲ್ಲಿ ಸೇರಿಸೋದು ಅನ್ನುವ ಪೈಪೋಟಿ. ಕೆನಡಾದ ನೆಕ್ಸಿಯಾ ಕಂಪನಿ ಆಡಿನೊಳಗೆ ಸೇರಿಸಿತು, ಆಡಿನ ಹಾಲಿನಲ್ಲಿ ಜೇಡನ ಪ್ರೋಟೀನು! 2002ರಲ್ಲಿ ಪ್ರಾಣಿಕೋಶದಲ್ಲಿ ಬೆಳೆಸಿದ ಪ್ರೋಟೀನಿನಿಂದ ಎಳೆ ತೆಗೆದು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು, ಜಗತ್ತೆಲ್ಲ ಸುದ್ದಿ. ಕಂಪನಿ ಕೆಲವೇ ವರ್ಷದಲ್ಲಿ ಮುಳುಗಿತು, ಆಡುಗಳು ಲೂಯಿಸ್ ಅವರ ಪಾಲಿಗೆ ಹೋದವು. ಪ್ರೋಟೀನು ಸಿಕ್ಕಿತ್ತು, ಜೇಡನ ಎಳೆಯ ಗಟ್ಟಿತನ ಸಿಗಲಿಲ್ಲ. ಮತ್ತೆ ಶಾವಿಗೆಯ ತೊಂದರೆ.

ಅದೇ 2002ರಲ್ಲಿ ಆಕ್ಸ್‌ಫರ್ಡಿನಲ್ಲಿ ಶಾವೊ ಮತ್ತು ವೋಲ್‌ರಾತ್ ಅನ್ನುವವರು ಒಂದು ಚಂದದ ಕೆಲಸ ಮಾಡಿದರು. ಹಣ್ಣಾದ ರೇಷ್ಮೆ ಹುಳವನ್ನು ತಲೆ ಆಡಿಸಲು ಬಿಡದೆ ಅದರ ಬಾಯಿಂದ ನೂಲನ್ನು ಒಂದೇ ವೇಗದಲ್ಲಿ ಮಷೀನಿನಿಂದ ಎಳೆದರು. ವೇಗ ಹೆಚ್ಚಿಸಿದಾಗ ನಮ್ಮ ಸಾದಾ ಹುಳದ ನೂಲೇ ಜೇಡನ ನೂಲಿನ ಹತ್ತಿರಕ್ಕೆ ಗಟ್ಟಿಯಾಯ್ತು, ನಿಧಾನ ಎಳೆದಾಗ ಹೆಚ್ಚು ಹಿಗ್ಗಿತು. ಹುಳ ಅದೇ, ಸೊಪ್ಪು ಅದೇ, ಪ್ರೋಟೀನು ಅದೇ. ಫರಕು ಎಳೆಯುವ ರೀತಿಯಲ್ಲಿ. ನನಗಂತೂ ಈ ಪ್ರಯೋಗ ಓದಿದಾಗ ಪಾಕ ತೆಗೆಯುವ ಮುದುಕರ ಕೈ ನೆನಪಾಯ್ತು.

2017ರಲ್ಲಿ ಸ್ವೀಡನ್ನಿನ ತಂಡವೊಂದು ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಜೇಡ-ಪ್ರೋಟೀನನ್ನು ವಿಷದ ದ್ರಾವಕ ಯಾವುದೂ ಇಲ್ಲದೆ, ಬರೀ ನೀರಿನಲ್ಲಿ ಕರಗಿಸಿ, ಸ್ವಲ್ಪ ಹುಳಿ ಇರುವ ನೀರಿನೊಳಗೆ ಎಳೆ ಮಾಡಿತು. ಜೇಡನ ನಾಳದಲ್ಲಿ ನಡೆಯುವುದರ ನಕಲು. ಒಂದು ಲೀಟರ್ ಬ್ಯಾಕ್ಟೀರಿಯಾ ಕಷಾಯದಿಂದ ಒಂದು ಕಿಲೋಮೀಟರ್ ಎಳೆ ಬರುವಷ್ಟು ಪ್ರೋಟೀನು. ಕೇಳಲು ದೊಡ್ಡದು. ನಮ್ಮ ಲೆಕ್ಕಕ್ಕೆ ತಂದರೆ ಒಂದು ದ್ವಿತಳಿ ಗೂಡಿನಷ್ಟು ಉದ್ದ. ಅದೂ ಆ ಸರ ಗಿಡ್ಡ ಮಾಡಿದ್ದು, ಹುಳದ ಐದು ಸಾವಿರ ಮಣಿಯ ಸರ ಕಟ್ಟಲು ಬ್ಯಾಕ್ಟೀರಿಯಾಕ್ಕೆ ಶಕ್ತಿ ಸಾಲದು.

ಆಮೇಲಿನ ಎರಡು ಸುದ್ದಿ ಚೀನಾದ್ದು, ನಮಗೆ ಇವೇ ಹೆಚ್ಚು ಬೇಕಾದವು. 2022ರಲ್ಲಿ ತಿಯಾಂಜಿನ್ ವಿಶ್ವವಿದ್ಯಾಲಯದವರು ಸಾದಾ ಹುಳದ ರೇಷ್ಮೆಯನ್ನು ಕರಗಿಸಿ, ಸತು-ಕಬ್ಬಿಣದ ಉಪ್ಪಿನ ನೀರಿನಲ್ಲಿ ಮತ್ತೆ ಎಳೆ ಮಾಡಿ, ಹಿಗ್ಗಿಸಿ, ಜೇಡನ ನೂಲಿಗಿಂತ ಗಟ್ಟಿ ಎಳೆ ತೆಗೆದರು. 2023ರಲ್ಲಿ ಶಾಂಘೈನ ಡೊಂಗ್ಹುವಾ ವಿಶ್ವವಿದ್ಯಾಲಯದವರು ರೇಷ್ಮೆ ಹುಳದ ಜೀನನ್ನೇ ತಿದ್ದಿ ಜೇಡನ ಪೂರ್ತಿ ಪ್ರೋಟೀನನ್ನು ಹುಳದಿಂದಲೇ ನೂಲಿಸಿದರು. ನೋಡ್ರಿ, ಮುನ್ನೂರು ವರ್ಷ ಹುಳವನ್ನು ಬಿಡಬೇಕು ಅಂತ ಹೊರಟವರು ಸುತ್ತಿ ಸುತ್ತಿ ಬಂದು ನಿಂತದ್ದು ಹುಳದ ಬಾಯಿಗೇ. ಮೊದಲನೆಯದಕ್ಕೆ ಗೂಡು ಬೇಕು, ಎರಡನೆಯದಕ್ಕೆ ಸೊಪ್ಪೂ ಬೇಕು.

ಹುಳ ಬಿಟ್ಟೇ ಮಾಡ್ತೀವಿ ಅನ್ನುವವರೂ ಇದ್ದಾರೆ. ಜಪಾನಿನ ಸ್ಪೈಬರ್ ಕಂಪನಿ ದೊಡ್ಡ ತೊಟ್ಟಿಗಳಲ್ಲಿ ಸೂಕ್ಷ್ಮಜೀವಿ ಬೆಳೆಸಿ ಪ್ರೋಟೀನು ತೆಗೀತದೆ. ದೊಡ್ಡ ಕಾರ್ಖಾನೆ ಕಟ್ಟಿದ್ದು ಜಪಾನಿನಲ್ಲಲ್ಲ, ಥಾಯ್ಲೆಂಡಿನಲ್ಲಿ. ಯಾಕಂದರೆ ಆ ಜೀವಿಗಳಿಗೆ ತಿನ್ನಲು ಸಕ್ಕರೆ ಬೇಕು, ಥಾಯ್ಲೆಂಡ್ ಕಬ್ಬಿನ ದೇಶ. ಹತ್ತಿಯ ಜುಂಗು ಆಯ್ತು, ನೀಲಗಿರಿ ಆಯ್ತು, ಈಗ ಕಬ್ಬು. ನಾಳೆ ಇಂಥ ತೊಟ್ಟಿ ಭಾಲ್ಕಿ-ಹುಮನಾಬಾದ್ ಕಡೆ ಬಂದರೆ ಆಶ್ಚರ್ಯ ಪಡಬೇಕಿಲ್ಲ. ಆಗ ಕೇಳಬೇಕಾದ ಮಾತು ಕಬ್ಬಿನ ಟನ್ನಿಗೆ ಎಷ್ಟು, ಬಿಲ್ ಯಾವಾಗ ಅನ್ನೋದು.

ಗೂಡಿನ ಬೆಲೆಗೆ ಇದರಿಂದ ಪೆಟ್ಟು ಬೀಳ್ತದಾ? ನನ್ನ ಅಂದಾಜು ಹೇಳ್ತೀನಿ, ಒಪ್ಪದವರು ಕೆಳಗೆ ಬರೀರಿ. ಜಗತ್ತಿನಲ್ಲಿ ತಯಾರಾಗುವ ಎಲ್ಲ ಬಟ್ಟೆಯ ನಾರಿನಲ್ಲಿ ಹುಳದ ರೇಷ್ಮೆ ಶೇಕಡಾ 0.2ಕ್ಕಿಂತ ಕಡಿಮೆ. ಅಗ್ಗದ ಹೊಳಪು ಬೇಕಾದವರು ನೂರು ವರ್ಷದ ಹಿಂದೆಯೇ ರೇಯಾನಿಗೆ, ಆಮೇಲೆ ಪಾಲಿಯೆಸ್ಟರಿಗೆ ಹೋಗಿ ಆಗಿದೆ. ಇವತ್ತು ಖರೇ ರೇಷ್ಮೆ ಕೊಳ್ಳುವವರು ಮದುವೆಗೆ, ಹಬ್ಬಕ್ಕೆ, ಹೆಸರಿಗೆ ಕೊಳ್ಳುವವರು. ಲ್ಯಾಬಿನ ಎಳೆ ಅವರ ಸೀರೆಗೆ ಬರುವ ಮೊದಲು ಔಷಧಿಗೆ, ಗಾಯದ ಪಟ್ಟಿಗೆ, ಸೌಂದರ್ಯದ ಕ್ರೀಮಿಗೆ ಹೋಗ್ತದೆ, ಯಾಕಂದರೆ ಅಲ್ಲಿ ಗ್ರಾಂ ಲೆಕ್ಕದಲ್ಲಿ ದುಡ್ಡು. ಬೆಲೆ ಏಳೋದು ಬೀಳೋದು 1933ರಲ್ಲಿ ಹೆಂಗಿತ್ತೋ ಈಗಲೂ ಹಂಗೇ: ಚೀನಾದಿಂದ ಎಷ್ಟು ಬಂತು, ಸುಂಕ ಎಷ್ಟು. ಅದರ ಮೇಲೆ ಕಣ್ಣಿಡ್ರಿ. ಮಾರಲು ರಾಮನಗರ ನಮಗೆ ಏಳುನೂರು ಕಿಲೋಮೀಟರ್ ಮೇಲೆ, ಜಾಲನಾ ಅದಕ್ಕಿಂತ ಬಹಳ ಹತ್ತಿರ. ಗೂಡು ಕೊಳೆಯುವ ಮಾಲು, ಗಾಡಿ ಬಾಡಿಗೆ ಮೊದಲೇ ಲೆಕ್ಕ ಹಾಕ್ರಿ.

ಇನ್ನು ನಮ್ಮ ಕಡೆ ಹುಳಕ್ಕೆ ಖರೇ ಗಂಡಾಂತರ ಎಲ್ಲಿದೆ ಅಂದರೆ ಈಗ ಹೂವಿಗೆ ಬಂದಿರುವ ಈ ತೊಗರಿಯಲ್ಲಿ. ಕಾಯಿಕೊರಕಕ್ಕೆ ನಾವು ಹೊಡೆಯುವ ಎಮಾಮೆಕ್ಟಿನ್, ಕ್ಲೋರಾಂಟ್ರಾನಿಲಿಪ್ರೋಲ್ ಎಲ್ಲ ಪತಂಗದ ಜಾತಿಯ ಹುಳ ಕೊಲ್ಲಲಿಕ್ಕೇ ಮಾಡಿದವು. ರೇಷ್ಮೆ ಹುಳ ಅದೇ ಜಾತಿ, ಔಷಧಿಗೆ ಇವೆರಡರ ಫರಕು ಗೊತ್ತಿಲ್ಲ. ಬದುವಿನ ಆಚೆ ಹೊಡೆದದ್ದು ಗಾಳಿಗೆ ತೇಲಿ ನಿಮ್ಮ ಸೊಪ್ಪಿನ ಮೇಲೆ ಕೂತರೆ, ಆ ಸೊಪ್ಪು ತಿಂದ ಹುಳ ಗೂಡು ಕಟ್ಟದೆ ಒದ್ದಾಡಿ ಸಾಯ್ತದೆ. ಈಗ ಡ್ರೋನ್ ಬೇರೆ ಬಂದಾವ, ಗಾಳಿಯಲ್ಲಿ ಅದರ ಹನಿ ಎಲ್ಲಿಯ ತನಕ ಹೋಗ್ತದೋ. ಹಂಗಾಗಿ ಹಿಪ್ಪುನೇರಳೆ ಹಚ್ಚುವ ಜಾಗ ಆರಿಸುವಾಗ ಪಶ್ಚಿಮಕ್ಕೂ ಪೂರ್ವಕ್ಕೂ ಯಾರ ತೊಗರಿ, ಯಾರ ಹತ್ತಿ ಇದೆ ನೋಡ್ರಿ. ಬದುವಿಗೆ ಎರಡು ಸಾಲು ಎತ್ತರದ ಗಿಡ ಹಚ್ಚ್ರಿ, ಅಕ್ಟೋಬರ್-ನವೆಂಬರ್ ಬೆಳೆಗೆ ಚಾಕಿ ತರುವ ಮೊದಲು ಪಕ್ಕದ ಹೊಲದ ಕಾಕಾನ ಹತ್ರ ಹೋಗಿ, ಯಾವ ದಿನ ಏನು ಹೊಡೀತೀರಿ ಅಂತ ಕೇಳಿ ತಾರೀಖು ಬರಕೊಂಡು ಬರ್ರಿ.